ಕಿಟಕಿಯಾಚೆ ನಿಂತ ಟೀಚರ್

ವೃತ್ತಿ ಪರಿಚಯ ಮೇಳದ ಒಂದು ನಿಯಮ ನನಗೆ ಎಲ್ಲಕ್ಕಿಂತ ಇಷ್ಟ. ಮಗು ತನ್ನ ಸಾಮಾನು ಹೊತ್ತು ಒಳಗೆ ಹೋಗಿ ಕೂತ ಮೇಲೆ ಮೂರು ಗಂಟೆ ಹೊತ್ತು ಟೀಚರ್ ಆಗಲಿ ತಂದೆ-ತಾಯಿಯಾಗಲಿ ಹತ್ತಿರ ಸುಳಿಯುವ ಹಾಗಿಲ್ಲ. ಬಾಯಲ್ಲೂ ಹೇಳಿಕೊಡಬಾರದು, ಕೈಸನ್ನೆಯನ್ನೂ ಮಾಡಬಾರದು. ಕೊನೆಯ ಬೆಲ್ಲು ಹೊಡೆಯುವಾಗ ಅದರ ಎದುರು ಏನು ತಯಾರಾಗಿದೆಯೋ ಅದಕ್ಕಷ್ಟೇ ಬೆಲೆ. ವರ್ಷವಿಡೀ ಐದು ನಿಮಿಷಕ್ಕೊಮ್ಮೆ ಮಕ್ಕಳನ್ನು ತಿದ್ದುತ್ತಲೇ ಇರುವ ನನಗೆ ಅಂದು ಉಳಿಯುವುದು ಕಿಟಕಿಯ ಸರಳು ಹಿಡಿದು ನೋಡುವ ಕೆಲಸ ಮಾತ್ರ. ಹಾಗೆ ನಿಂತು ಮಕ್ಕಳ ಬಗ್ಗೆ ನಾನು ತಿಳಿದುಕೊಂಡದ್ದನ್ನು ಬರೆಯಲು ಮೌಲ್ಯಮಾಪನದ ಯಾವ ನಮೂನೆಯಲ್ಲೂ ಕಾಲಮ್ಮಿಲ್ಲ.

ಕೇರಳದ ಶಾಲೆಗಳಿಗೆ ಕಲೋತ್ಸವ ಇರುವ ಹಾಗೆಯೇ ಶಾಸ್ತ್ರೋತ್ಸವವೂ ಇದೆ. ಹೊರಗಿನವರಿಗೆ ಹೆಚ್ಚಾಗಿ ಗೊತ್ತಿರುವುದು ಕಲೋತ್ಸವ. ಟಿವಿಯವರು ಓಡುವುದೂ ಅಲ್ಲಿಗೇ. ಶಾಸ್ತ್ರೋತ್ಸವದಲ್ಲಿ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಐಟಿ ಎಂಬ ನಾಲ್ಕು ಮೇಳಗಳ ಜೊತೆ ಐದನೆಯದಾಗಿ ಬರುವುದು ವೃತ್ತಿ ಪರಿಚಯ. ಕೊಡೆ ಕಟ್ಟುವುದು, ಅಗರಬತ್ತಿ ಹೊಸೆಯುವುದು, ಸೀಮೆಸುಣ್ಣ ಎರಕ ಹೊಯ್ಯುವುದು, ಪುಸ್ತಕಕ್ಕೆ ಬೈಂಡು ಹಾಕುವುದು, ತಗಡಿನ ಕೆಲಸ, ಮರಗೆತ್ತನೆ, ಬಿದಿರು, ತೆಂಗಿನ ಗೆರಟೆ, ನಾರಿನ ಕಾಲೊರಸು, ವಾಲಿಬಾಲ್ ನೆಟ್ಟು, ಗಿಡಕ್ಕೆ ಕಸಿ ಕಟ್ಟುವುದು, ಮನೆಯ ವಯರಿಂಗ್ ಎಲ್ಲವೂ ಅಲ್ಲಿವೆ, ಎಲ್ಲವನ್ನೂ ಅಲ್ಲೇ ಕೂತು ಮಾಡಬೇಕು. ಶಾಲೆಯಲ್ಲಿ ಆಯ್ಕೆಯಾಗಿ, ಉಪಜಿಲ್ಲೆ ದಾಟಿ, ಕಂದಾಯ ಜಿಲ್ಲೆ ದಾಟಿ ಮಕ್ಕಳು ರಾಜ್ಯಕ್ಕೆ ಹೋಗುತ್ತಾರೆ. 2022ರ ನವೆಂಬರ್‌ನಲ್ಲಿ ರಾಜ್ಯ ಮೇಳ ನಡೆದದ್ದು ಕೊಚ್ಚಿಯಲ್ಲಿ, 2023ರಲ್ಲಿ ತಿರುವನಂತಪುರದಲ್ಲಿ. ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಇವೆರಡೂ ದೂರದ ಊರುಗಳು. ಸಂಜೆ ರೈಲು ಹತ್ತಿದರೆ ರಾಜಧಾನಿಯಲ್ಲಿ ಇಳಿಯುವುದು ಮರುದಿನ ಬೆಳಿಗ್ಗೆ.

ಈ ರೈಲಿಗೆ ನಾವು ಹೊತ್ತು ಹೋಗುವ ಸಾಮಾನು ನೋಡಿದವರು ಮನೆ ಖಾಲಿ ಮಾಡಿ ಹೊರಟವರೆಂದೇ ತಿಳಿಯಬೇಕು. ಒಬ್ಬನ ಚೀಲದಲ್ಲಿ ಸೀಮೆಸುಣ್ಣದ ಅಚ್ಚು, ಪ್ಲಾಸ್ಟರ್ ಆಫ್ ಪ್ಯಾರಿಸ್, ಎಣ್ಣೆಯ ಬಾಟಲಿ. ಇನ್ನೊಬ್ಬನದ್ದರಲ್ಲಿ ಸುತ್ತಿಗೆ, ತಗಡು ಕತ್ತರಿ. ಸೀಟಿನಡಿಗೆ ತಳ್ಳಿದ ದೊಡ್ಡ ಗೋಣಿಯಲ್ಲಿ ಇರುವುದು ಮುಂಡೇವು ಎಲೆಯ ಸುರುಳಿಗಳು. ಆ ಗೋಣಿಯ ಒಡತಿ 2022ರಲ್ಲಿ ಒಂಬತ್ತನೇ ತರಗತಿಯ ಹುಡುಗಿ, ಆ ಎಲೆಯಿಂದ ಚಾಪೆ ಹೆಣೆಯುವವಳು.

ಮುಂಡೇವಿನ ಸಂಗತಿ ಸ್ವಲ್ಪ ಹೇಳಬೇಕು. ತುಳುನಾಡಿನಲ್ಲಿ ಅಷ್ಟಮಿಗೆ ಮೂಡೆ ಮಾಡುವ ಮನೆಯವರಿಗೆಲ್ಲ ಈ ಎಲೆ ಗೊತ್ತು. ತೋಡಿನ ಬದಿಯಲ್ಲಿ ಪೊದೆ ಕಟ್ಟಿ ಬೆಳೆಯುವ ಇದರ ಎಲೆಯ ಎರಡು ಅಂಚಿನಲ್ಲೂ ಹಿಂಬದಿಯ ನಡುದಿಂಡಿನಲ್ಲೂ ಗರಗಸದಂಥ ಮುಳ್ಳು. ಹುಡುಗಿಯ ಅಜ್ಜಿ ಮುಳ್ಳನ್ನು ಸವರಿ ತೆಗೆದು, ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಕೊಳವೆಯಾಗಿ ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸುವುದನ್ನು ನಾನೂ ನೋಡಿದ್ದೇನೆ. ಅವರಿಗೆ ಚಾಪೆ ಹೆಣೆಯಲು ಬರುವುದಿಲ್ಲ. ಆದರೆ ಯಾವ ಎಲೆ ಎಳತು, ಯಾವುದು ಬಲಿತದ್ದು, ಯಾವುದು ಮಡಚಿದರೆ ಒಡೆಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಮೊಮ್ಮಗಳು ಆ ಗುರುತನ್ನು ಅಜ್ಜಿಯಿಂದ ಕಲಿತಳು, ಹೆಣಿಗೆಯನ್ನು ಶಾಲೆಯಲ್ಲಿ ಕಲಿತಳು. ಕೇರಳದ ದಕ್ಷಿಣದ ಕಡೆಗೆ ಇದೇ ಎಲೆಯಿಂದ ಹೊಟ್ಟೆ ಹೊರೆದ ಊರುಗಳಿವೆ. ಕೊಲ್ಲಂ ಜಿಲ್ಲೆಯ ತಳವದ ಚಾಪೆಗೆ ಹೆಸರಿದೆ. ಅಲ್ಲೆಲ್ಲ ಎಲೆಯನ್ನು ಬೇಯಿಸಿ, ಬಿಸಿಲಿಗೆ ಹಾಕಿ, ಒಂದೇ ಅಗಲದ ಸೀಳುಗಳಾಗಿ ಸೀಳಿ ಹೆಣೆಯುತ್ತಾರೆ. ಈ 'ಒಂದೇ ಅಗಲ' ಎಂಬುದೇ ಇಡೀ ವಿದ್ಯೆಯ ಬುಡ.

ಕೊಚ್ಚಿಯ ಆ ಸಭಾಂಗಣದಲ್ಲಿ ಒಂದು ಕಡೆಯಿಂದ ತಗಡು ಬಡಿಯುವ ಸದ್ದು, ಇನ್ನೊಂದು ಕಡೆಯಿಂದ ಅಗರಬತ್ತಿಯ ಘಮ. ಮೇಲೆ ಜೋರಾಗಿ ತಿರುಗುತ್ತಿದ್ದ ಫ್ಯಾನು. ಆ ಗಾಳಿಗೆ ಇವಳ ಸೀಳುಗಳು ಒಣಗುತ್ತಿದ್ದವು. ಒಣಗಿದರೆ ಮಡಚುವಲ್ಲಿ ಮುರಿಯುತ್ತವೆ. ನಾನು ಹೊರಗಿನಿಂದ ಅದನ್ನೇ ನೋಡುತ್ತ ಚಡಪಡಿಸುತ್ತಿದ್ದೆ, ಅವಳು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕುಡಿಯಲು ತಂದ ನೀರನ್ನು ಬೈರಾಸಿನ ಮೇಲೆ ಸುರಿದು, ಹಿಂಡಿ, ಸೀಳುಗಳನ್ನೆಲ್ಲ ಅದರೊಳಗೆ ಸುತ್ತಿಟ್ಟು, ಬೇಕಾದಷ್ಟನ್ನೇ ಎಳೆದುಕೊಂಡು ಹೆಣೆಯತೊಡಗಿದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊರಲ್ಲಿ ಅಭ್ಯಾಸ ಮಾಡುವಾಗ ಅವಳು ಕೂರುತ್ತಿದ್ದುದು ಜಗಲಿಯಲ್ಲಿ. ಅಲ್ಲಿ ಫ್ಯಾನೇ ಇಲ್ಲ.

ಇನ್ನೂ ಮುಂದೆ, ಚಾಪೆ ಮೊಣಕೈ ಉದ್ದಕ್ಕೆ ಬಂದಿರುವಾಗ ಕೈ ನಿಂತಿತು. ಅಂಗೈಯಿಂದ ಒಮ್ಮೆ ಸವರಿ ನೋಡಿದಳು, ಮತ್ತೊಮ್ಮೆ ಸವರಿದಳು. ಆಮೇಲೆ ನಾಲ್ಕು ಸಾಲು ಬಿಚ್ಚಿದಳು. ಪಕ್ಕದ ಹುಡುಗಿಯರು ಎರಡನೆಯ ವಸ್ತುವಿಗೆ ಕೈಹಾಕಿಯಾಗಿತ್ತು. ಎಷ್ಟು ವಸ್ತು ಮಾಡಿದರೆಂಬುದೂ ಅಲ್ಲಿ ಲೆಕ್ಕಕ್ಕಿದೆ. ನನ್ನ ಪಕ್ಕದಲ್ಲಿ ನಿಂತಿದ್ದ ಮಲಪ್ಪುರಂ ಕಡೆಯ ಟೀಚರ್ ಒಬ್ಬರು 'ಅಯ್ಯೋ' ಅಂದರು. ಹೊರಗೆ ಬಂದ ಮೇಲೆ ಬಿಚ್ಚಿದ್ದೇಕೆ ಎಂದು ಕೇಳಿದೆ.

"ಒಂದು ಸೀಳು ಅಗಲ ಇತ್ತು ಟೀಚರೇ. ಆಗ ಗೊತ್ತಾಗುವುದಿಲ್ಲ, ಮುಂದೆ ಹೋದ ಹಾಗೆ ಅದು ಮೂಲೆಯನ್ನು ಎಳೆಯುತ್ತದೆ."

ಈ ಹುಡುಗಿಯ ಲೆಕ್ಕದ ಪುಸ್ತಕದಲ್ಲಿ ತಪ್ಪು ಬಂದಲ್ಲಿ ನಾನು ಕೆಂಪು ಗೆರೆ ಎಳೆಯುತ್ತಿದ್ದೆ, ಅವಳು ನೋಡಿ ಪುಟ ಮಗುಚುತ್ತಿದ್ದಳು. ಇಲ್ಲಿ ಕೆಂಪು ಗೆರೆ ಎಳೆಯುವವರೇ ಇರಲಿಲ್ಲ, ತಪ್ಪನ್ನು ಎಲೆಯೇ ತೋರಿಸಿತು. ಎಲೆಗೆ ಅವಳ ಮೇಲೆ ಕೋಪವೂ ಇಲ್ಲ, ಕರುಣೆಯೂ ಇಲ್ಲ, ಹಿಂದಿನ ಪರೀಕ್ಷೆಯಲ್ಲಿ ಎಷ್ಟು ಬಂದಿತ್ತು ಎಂಬ ನೆನಪೂ ಇಲ್ಲ. ಆ ದಿನದ ಗುರು ಅದು. ಅಂಥ ಗುರುವಿನ ಮುಂದೆ ಮಗುವಿಗೆ ಅವಮಾನವಾಗುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಸೀಮೆಸುಣ್ಣದ ಹುಡುಗನ ಗುರು ಇನ್ನೂ ಬಿಗಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ನೀರು ಬೆರೆಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ನೀರು ಕಡಿಮೆಯಾದರೆ ಗಂಟು. ಹೆಚ್ಚಾದರೆ ಬೋರ್ಡಿಗೆ ತಾಗುವ ಮೊದಲೇ ಪುಡಿಯಾಗುವ ಸೀಮೆಸುಣ್ಣ. ಅಚ್ಚಿಗೆ ಎಣ್ಣೆ ಸರಿಯಾಗಿ ಹಚ್ಚದಿದ್ದರೆ ಬಿಡಿಸುವಾಗ ತುಂಡು. ಹೊಯ್ದಾದ ಮೇಲೆ ಆತ ಗಡಿಯಾರ ನೋಡುವುದಿಲ್ಲ. ಅಚ್ಚಿನ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾನೆ. ಅದು ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ. ಆ ಬಿಸಿ ಏರಿ, ಇಳಿಯತೊಡಗಿದರೆ ಬಿಡಿಸಲು ಹೊತ್ತಾಯಿತೆಂದು ಲೆಕ್ಕ. ರಸಾಯನಶಾಸ್ತ್ರದಲ್ಲಿ 'ಉಷ್ಣ ಬಿಡುಗಡೆಯಾಗುತ್ತದೆ' ಎಂಬ ಸಾಲನ್ನು ನಾವು ಬಾಯಿಪಾಠ ಮಾಡಿಸುತ್ತೇವೆ. ಇವನ ಅಂಗೈಗೆ ಅದು ಮೊದಲೇ ಗೊತ್ತಿತ್ತು.

ಕೈಯಿಂದ ಕಲಿಸಬೇಕೆಂಬ ಮಾತು ಈ ದೇಶಕ್ಕೆ ಹೊಸದಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಮ್ಮೇಳನ, ಅದರ ಬೆನ್ನಿಗೆ ಜಾಕೀರ್ ಹುಸೇನ್ ಸಮಿತಿ, 'ನಯೀ ತಾಲೀಮ್' ಇವೆಲ್ಲ ನಮ್ಮ ಟೀಚರ್ ತರಬೇತಿಯ ಪಾಠಗಳಲ್ಲಿ ಇದ್ದವು. ಒಂದು ಕಸುಬನ್ನು ನಡುವೆ ಇಟ್ಟು, ಅದರ ಮೂಲಕ ಲೆಕ್ಕ, ಭಾಷೆ, ವಿಜ್ಞಾನ ಎಲ್ಲ ಕಲಿಸಬೇಕು ಎಂಬುದು ಗಾಂಧೀಜಿಯ ಆಸೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ತಿರುವನಂತಪುರದ ಹತ್ತಿರ ವೆಳ್ಳನಾಡಿನಲ್ಲಿ ಕೆ. ವಿಶ್ವನಾಥನ್ 1956ರಲ್ಲಿ ಕಟ್ಟಿದ ಮಿತ್ರನಿಕೇತನ ಇದೇ ದಾರಿಯದು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಕೊಠಾರಿ ಆಯೋಗ 1966ರಲ್ಲಿ ವರದಿ ಕೊಡುವಾಗ ಕೆಲಸದ ಅನುಭವ ಎಲ್ಲ ಶಾಲೆಗಳಲ್ಲೂ ಶಿಕ್ಷಣದ ಭಾಗವಾಗಬೇಕೆಂದಿತು. ಇಂದಿನ ಮೇಳದ ಬೇರು ಆ ಮಾತಿನಲ್ಲಿದೆ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ನಮ್ಮ ಜಿಲ್ಲೆಯವರು ಮರೆಯಬಾರದು. 1953ರಲ್ಲಿ ನಾವಿನ್ನೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದೊಳಗೆ ಇದ್ದೆವು. ಆ ವರ್ಷ ಮುಖ್ಯಮಂತ್ರಿ ರಾಜಾಜಿ ಒಂದು ಯೋಜನೆ ತಂದರು. ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠದ ಹೊತ್ತನ್ನು ಮೊಟಕುಗೊಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬುದು ಅದರ ತಿರುಳು. ಕ್ಷೌರಿಕನ ಮಗ ಕ್ಷೌರವನ್ನೇ ಕಲಿಯಬೇಕೇ, ಕುಂಬಾರನ ಮಗಳು ಮಣ್ಣನ್ನೇ ತುಳಿಯಬೇಕೇ ಎಂದು ಜನ ಕೇಳಿದರು. ಪೆರಿಯಾರ್ ಮತ್ತು ಅವರ ಸಂಗಡಿಗರು ಇದನ್ನು ಕುಲಕಸುಬಿನ ಶಿಕ್ಷಣವೆಂದು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಸ್ಥಾನ ಬಿಟ್ಟರು, ಬಳಿಕ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಜನ ಕೇಳಿದ್ದು ಸರಿಯಾದ ಪ್ರಶ್ನೆ. ಇಂದಿಗೂ ಶಾಲೆಯಲ್ಲಿ ಕೈಕೆಲಸದ ದಿನ ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಅದನ್ನೇ: ಈ ಮಗು ಈ ಕೆಲಸದ ಮುಂದೆ ತಾನಾಗಿ ಬಂದು ಕೂತಿದೆಯೋ, ನಾವು ಕೂರಿಸಿದ್ದೋ?

ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಕಂಡ ನೋಟ ನನಗೆ ಸಮಾಧಾನ ಕೊಟ್ಟದ್ದು ಈ ಕಾರಣಕ್ಕೇ. ಒಂದು ಕೋಣೆಯಲ್ಲಿ ಹುಡುಗಿಯೊಬ್ಬಳು ತಗಡು ಕತ್ತರಿಸಿ ಬಾಲ್ದಿಗೆ ತಳ ಕೂರಿಸುತ್ತಿದ್ದಳು. ಇನ್ನೊಂದರಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗ ಕಸೂತಿಯ ಚೌಕಟ್ಟನ್ನು ತೊಡೆಯ ಮೇಲಿಟ್ಟು ಗಂಟುಹೊಲಿಗೆ ಹಾಕುತ್ತಿದ್ದ. ಅವರ ಮನೆಯವರು ಏನು ಮಾಡಿ ಬದುಕುತ್ತಾರೆಂದು ಆ ಮೇಜು ನೋಡಿ ಹೇಳುವಂತಿರಲಿಲ್ಲ. ಎದೆಯ ಮೇಲೆ ಇದ್ದದ್ದು ಚೆಸ್ಟ್ ನಂಬರ್ ಮಾತ್ರ.

ಮೇಳದಲ್ಲಿ ನನಗೆ ನೋವಾಗುವ ಸಂಗತಿಗಳೂ ಇವೆ. ಗ್ರೇಸ್ ಮಾರ್ಕ್ ಎಂಬುದೊಂದು ಬಂದು ಕೂತಿದೆ. ರಾಜ್ಯದಲ್ಲಿ ಗ್ರೇಡ್ ಸಿಕ್ಕಿದರೆ ಎಸ್‌ಎಸ್‌ಎಲ್‌ಸಿಗೆ ಅಂಕ ಕೂಡುತ್ತದೆ; ಅದಕ್ಕಾಗಿ ದುಡ್ಡು ಕೊಟ್ಟು ತರಬೇತಿ ಕೊಡಿಸುವವರು ಇದ್ದಾರೆ. ಒಂದೇ ವಸ್ತುವನ್ನು ಒಂದೇ ಅಳತೆಯಲ್ಲಿ ವರ್ಷಗಟ್ಟಲೆ ಮಾಡಿಸಿ ಮಾಡಿಸಿ ಮಗುವಿನ ಕೈ ಕಣ್ಣು ಮುಚ್ಚಿ ಓಡುವ ಹಾಗೆ ಮಾಡುತ್ತಾರೆ. ಅಲ್ಲಿ ಎಲೆ ಏನನ್ನೂ ಹೇಳಿಕೊಡುವುದಿಲ್ಲ, ಯಾಕೆಂದರೆ ಕೇಳುವ ಹೊತ್ತೇ ಇರುವುದಿಲ್ಲ. ಸಾಮಾನಿನ ಖರ್ಚು ತಾಳಲಾರದೆ ಉಪಜಿಲ್ಲೆಯಲ್ಲೇ ನಿಂತುಹೋಗುವ ಮಕ್ಕಳನ್ನು ನಾನು ಬಲ್ಲೆ. ಮತ್ತೂ ಮುಖ್ಯವಾದದ್ದು, ಇಡೀ ಶಾಲೆಯಲ್ಲಿ ಮೇಳಕ್ಕೆ ಹೋಗುವವರು ಬೆರಳೆಣಿಕೆಯ ಮಕ್ಕಳು. ಉಳಿದ ನೂರಾರು ಮಕ್ಕಳ ಕೈಗೆ ಏನೂ ಸಿಗುವುದಿಲ್ಲ.

ಸ್ಪರ್ಧೆ ಮುಗಿದ ಮರುದಿನ ಮಕ್ಕಳನ್ನು ಸುತ್ತಾಡಿಸುವುದು ನಮ್ಮ ವಾಡಿಕೆ. ಕೊಚ್ಚಿಯಲ್ಲಿ ಕೋಟೆಯ ಕಡಲಬದಿಗೆ ಹೋಗಿ ಚೀನೀ ಬಲೆ ನೋಡಿದೆವು. ಅಷ್ಟು ದೊಡ್ಡ ಬಲೆಯನ್ನು ಕೆಲವೇ ಜನ ಎತ್ತುವುದು ಹಗ್ಗಕ್ಕೆ ತೂಗುಬಿಟ್ಟ ಕಲ್ಲುಗಳ ಬಲದಿಂದ. ತಗಡಿನ ಹುಡುಗ ಆ ಕಲ್ಲುಗಳನ್ನು ಎಣಿಸುತ್ತ ನಿಂತುಬಿಟ್ಟ, ಕರೆದರೂ ಬರಲಿಲ್ಲ. ಎರ್ನಾಕುಲಂ ಜಿಲ್ಲೆಯದೇ ಚೇಂದಮಂಗಲದ ಕತೆಯನ್ನೂ ಅಲ್ಲೇ ಕೂತು ಅವರಿಗೆ ಹೇಳಿದೆ. 2018ರ ಆಗಸ್ಟ್‌ನ ನೆರೆಯಲ್ಲಿ ಆ ಊರಿನ ಕೈಮಗ್ಗಗಳು ಮುಳುಗಿದವು, ಓಣಂಗೆಂದು ನೇಯ್ದಿಟ್ಟ ಸೀರೆಗಳು ಕೆಸರಾದವು. ಲಕ್ಷ್ಮೀ ಮೇನನ್ ಮತ್ತು ಗೋಪಿನಾಥ್ ಪಾರಯಿಲ್ ಆ ಸೀರೆಗಳನ್ನು ಶುಚಿಮಾಡಿಸಿ, ಕತ್ತರಿಸಿ, 'ಚೇಕುಟ್ಟಿ' ಎಂಬ ಪುಟ್ಟ ಗೊಂಬೆಗಳನ್ನು ಮಾಡಿಸುವ ಕೆಲಸ ಹಿಡಿದರು. ಒಂದು ಸೀರೆಯಿಂದ 360 ಗೊಂಬೆ, ಒಂದಕ್ಕೆ 25 ರೂಪಾಯಿ. ಗೊಂಬೆ ಕಟ್ಟಲು ಕೂತವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಗೊಂಬೆಯ ಮೈಮೇಲೆ ಉಳಿದ ಕಲೆಯನ್ನು ಯಾರೂ ಮುಚ್ಚಲಿಲ್ಲ. ನಮ್ಮ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಸೀರೆಯ ದುಡ್ಡಿಗಿಂತ ಹೆಚ್ಚೇ ಆಯ್ತಲ್ಲ ಟೀಚರೇ, ನೇಯ್ದವರಿಗೆ ಸಿಕ್ಕಿತಾ?" ಅದು ನೇಕಾರರಿಗೆಂದೇ ಮಾಡಿದ ಕೆಲಸ ಎಂದೆ.

ಮುಂದಿನ ವರ್ಷ ತಿರುವನಂತಪುರದಿಂದ ಬಾಲರಾಮಪುರಕ್ಕೆ ಹೋದೆವು. ಅಲ್ಲಿ ಗುಂಡಿಮಗ್ಗ. ನೇಕಾರ ನೆಲದ ಅಂಚಿನಲ್ಲಿ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು ತುಳಿಯುತ್ತಾನೆ. ಮೇಲೆ ಕೈ ಲಾಳಿ ಓಡಿಸುತ್ತದೆ. ಹಾಸಿನ ನೂಲನ್ನು ಬೀದಿಯುದ್ದಕ್ಕೆ ಚಾಚಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುವುದು ಆ ಊರಿನ ಹಳೆಯ ಪದ್ಧತಿ. ನೇಯ್ಗೆಯವರೊಬ್ಬರು ನಮ್ಮ ಹುಡುಗಿಯ ಬೆರಳ ತುದಿ ನೋಡಿ, ನೀನು ಯಾವ ಎಲೆಯ ಕೆಲಸ ಮಾಡುತ್ತೀ ಎಂದು ಮಲಯಾಳದಲ್ಲಿ ಕೇಳಿದರು. ಅವಳು ತನ್ನ ಅರೆಬರೆ ಮಲಯಾಳದಲ್ಲೇ ಮುಳ್ಳು ಸವರುವುದರಿಂದ ಶುರುಮಾಡಿ ಎಲ್ಲ ಹೇಳಿದಳು. ತರಗತಿಯಲ್ಲಿ ನಾನು ಎಬ್ಬಿಸಿ ನಿಲ್ಲಿಸಿದರೂ ಎರಡು ವಾಕ್ಯ ಆಡದವಳು. ಅವರಿಬ್ಬರ ನಡುವೆ ನನಗೆ ಕೆಲಸವಿರಲಿಲ್ಲ, ಮತ್ತೆ ಬಾಗಿಲ ಬಳಿಯೇ ನಿಂತೆ.

ಊರಿಗೆ ಮರಳಿ ಹೆಡ್‌ಮಾಸ್ಟರ ಹತ್ತಿರ ಕೇಳಿಕೊಂಡೆ: ಒಂದು ಶನಿವಾರ ಇಡೀ ಶಾಲೆಗೆ ಇಂಥ ದಿನ ಬೇಕು. ಅಂಕ ಇಲ್ಲ, ಗ್ರೇಡ್ ಇಲ್ಲ, ಎಲ್ಲ ಮಕ್ಕಳೂ, ಅವರವರಿಗೆ ಬೇಕಾದ ಮೇಜು. ಕಲಿಸುವವರು ನಾವಲ್ಲ, ಊರಲ್ಲಿ ಆ ಕೆಲಸ ಬಲ್ಲವರು. ಇದು ಹೊಸ ಕಲ್ಪನೆ ಅಲ್ಲವೇ ಅಲ್ಲ. ಕರ್ನಾಟಕದ ಶಾಲೆಗಳ ಕಲಿಕಾ ಹಬ್ಬದಲ್ಲಿ ಕಾಗದ-ಕತ್ತರಿ, ಊರು ತಿಳಿಯೋಣ ಎಂದೆಲ್ಲ ಮೂಲೆಗಳನ್ನು ಮಾಡಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟರವರೆಗಿನ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಲಿ ಎನ್ನುತ್ತದೆ. ಒಳ್ಳೆಯದೇ. ಆದರೆ ಆ ಬಡಗಿಯನ್ನು ಶಾಲೆಯೊಳಗೆ ಯಾವ ಕುರ್ಚಿಯಲ್ಲಿ ಕೂರಿಸುತ್ತೇವೆ ಎಂಬುದು ನೀತಿಯ ಪುಸ್ತಕದಿಂದ ತೀರ್ಮಾನವಾಗುವ ಸಂಗತಿ ಅಲ್ಲ.

ಆ ಶನಿವಾರ ಅಡಿಕೆ ಹಾಳೆಯ ಮುಟ್ಟಾಳೆ ಮಾಡುವ ಅಜ್ಜ ಬಂದರು, ಮೇಸ್ತ್ರಿಯೊಬ್ಬರು ಬಂದರು, ಎಲೆಕ್ಟ್ರಿಷಿಯನ್ ಬಂದರು. ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಹಿರಿಯ ಹೆಂಗಸೊಬ್ಬರು ಕಾಡಬಳ್ಳಿಯ ಕಟ್ಟು ಹೊತ್ತು ಬಂದರು. ಅವರು ಬಂದವರೇ ಅಂಗಳದಲ್ಲಿ ನಿಂತರು. ಒಳಗೆ ಬನ್ನಿ ಎಂದರೆ ಜಗಲಿಯವರೆಗೆ ಬಂದು ನೆಲದ ಮೇಲೆ ಕೂರಲು ಹೊರಟರು. ನಾನು ಕೈಹಿಡಿದು ತರಗತಿಯೊಳಗೆ ಕರೆತಂದು ನನ್ನ ಕುರ್ಚಿ ಕೊಟ್ಟೆ. ಬೋರ್ಡಿನ ಮೇಲೆ 'ಇಂದಿನ ಟೀಚರ್' ಎಂದು ಬರೆದು ಅವರ ಹೆಸರು ಬರೆದೆ. ಓದಲು ಬಾರದ ಅವರು ಅದೇನೆಂದು ಮಕ್ಕಳನ್ನೇ ಕೇಳಿ ತಿಳಿದುಕೊಂಡರು. ಆಮೇಲೆ ಕುರ್ಚಿ ಬಿಟ್ಟು ನೆಲದಲ್ಲೇ ಕೂತರು, ಆದರೆ ಅದು ಬುಟ್ಟಿಯ ತಳ ಕಟ್ಟಲು ಕಾಲ್ಬೆರಳು ಬೇಕು ಎಂಬ ಕಾರಣಕ್ಕೆ. ಮಕ್ಕಳೆಲ್ಲ ಸುತ್ತ ಕೂತರು. ಬಳ್ಳಿಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸುವುದು ಒಬ್ಬರಿಗೂ ಮೊದಲ ಸಲಕ್ಕೆ ಬರಲಿಲ್ಲ. "ಅವಸರ ಮಾಡಿದರೆ ಅದು ಕೇಳುವುದಿಲ್ಲ" ಎಂದಷ್ಟೇ ಹೇಳಿ ಅವರು ತಮ್ಮ ಪಾಡಿಗೆ ಹೆಣೆಯುತ್ತ ಇದ್ದರು.

ಅವರ ಮೊಮ್ಮಗಳು ನಮ್ಮಲ್ಲಿ ಎಂಟನೆಯ ತರಗತಿ. ಅವಳು ಆ ಕೋಣೆಗೆ ಬರಲಿಲ್ಲ. ಬೇರೆ ಟೀಚರೊಬ್ಬರು ಕರೆಯಲು ಹೊರಟಾಗ ನಾನು ತಡೆದೆ. ಅವಳು ಹೋಗಿ ಕೂತದ್ದು ವಯರಿಂಗ್ ಮೇಜಿನ ಹತ್ತಿರ. ಹೋಲ್ಡರಿಗೆ ಎರಡು ವಯರು ಜೋಡಿಸಿ, ಸ್ವಿಚ್ಚು ಹಾಕಿ, ಬಲ್ಬು ಉರಿಯುವವರೆಗೂ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅಜ್ಜಿಗೆ ಹೇಳಿದೆ. "ಅವಳು ಅಲ್ಲೇ ಇರಲಿ ಟೀಚರೇ. ಇದು ನನಗೆ ಬರುತ್ತದೆ, ಅದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ" ಎಂದರು. ಅದೇ ಹೊತ್ತಿಗೆ ಅವರ ಮುಂದೆ ಕೂತು ಬಳ್ಳಿಯೊಂದಿಗೆ ಗುದ್ದಾಡುತ್ತಿದ್ದವನು ಊರಿನ ದೊಡ್ಡ ತೋಟದವರ ಮನೆಯ ಹುಡುಗ. ಅವನ ಬುಟ್ಟಿಯ ತಳ ಓರೆಯಾಯಿತು. ಅವರು ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು.

ಬಂದವರಿಗೆ ಒಂದು ದಿನದ ಕೂಲಿಯಷ್ಟಾದರೂ ಕೊಡಬೇಕೆಂಬುದು ನನ್ನ ಹಟ. ಪ್ರೀತಿಯಿಂದ ಬಂದಿದ್ದಾರೆ, ಶಾಲು ಹೊದಿಸಿ ಕಳಿಸಿದರೆ ಸಾಕು ಎನ್ನುವವರಿದ್ದಾರೆ. ನಮಗೆ ಸಂಬಳ ಬರುವುದು ಕಲಿಸಿದ್ದಕ್ಕಾದರೆ ಅವರಿಗೂ ಬರಬೇಕು. ಕಳೆದ ಸಲ ಪಿಟಿಎಯವರು ಒಪ್ಪಿ ದುಡ್ಡು ಒಟ್ಟುಮಾಡಿದರು.

ಈ ವರ್ಷ ಬಲೆ ಹೆಣೆಯುವವರು ಬೇಕೆಂದು ಮಕ್ಕಳು ಬರೆದುಕೊಟ್ಟಿದ್ದಾರೆ. ಕಡಲಬದಿಯ ಒಬ್ಬರನ್ನು ಕೇಳಿದೆ. ಅವರು ದುಡಿಯುವುದು ಟ್ರಾಲಿಂಗ್ ಬೋಟಿನಲ್ಲಿ. ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಬೋಟು ದಡದಲ್ಲಿರುತ್ತದೆ, ಆಗ ಕರೆಯಿರಿ, ನೂಲು ನೀವು ತನ್ನಿ, ಮುಳ್ಳುಕಡ್ಡಿ ನಾನು ತರುತ್ತೇನೆ ಎಂದರು. ಶಾಲೆಯ ಕ್ಯಾಲೆಂಡರಿನಲ್ಲಿ ನಮ್ಮ ದಿನ ಇರುವುದು ನವೆಂಬರಿಗೆ. ಅದನ್ನು ಜುಲೈ ತಿಂಗಳ ಮೂರನೇ ಶನಿವಾರಕ್ಕೆ ತರಬೇಕೆಂದು ಅರ್ಜಿ ಬರೆದು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಿದ್ದೇನೆ. ಜೊತೆಗೆ ನೂಲಿನ ಅಂದಾಜು ಪಟ್ಟಿಯನ್ನೂ.